ಹಳೆಯ ಟೀ ಶರ್ಟ್‌ಗಳ ನೆನಪಿನ ಹೊದಿಕೆ: ಕೈಹೊಲಿಗೆಯ ಕೌದಿಯೋ, ಮಿಷನ್ ಹೊಲಿಗೆಯೋ?

ಕೊಡವ ಕೌಟುಂಬಿಕ ಹಾಕಿಯ ಜೆರ್ಸಿಗಳು, ಮಕ್ಕಳ ಶಾಲೆಯ ಟೀ ಶರ್ಟ್‌ಗಳು ಪೆಟ್ಟಿಗೆಯಲ್ಲಿ ಬಿದ್ದಿದ್ದರೆ ಅವನ್ನು ಹೊದಿಕೆಯಾಗಿಸಲು ಎರಡು ದಾರಿಗಳಿವೆ: ಹಳೆ ಬಟ್ಟೆಯ ಪದರಗಳನ್ನು ಕೈಯಲ್ಲೇ ಸೇರಿಸಿ ಹೊಲಿಯುವ ಕೌದಿ, ಇಲ್ಲವೇ ಚೌಕಗಳನ್ನು ಮಿಷನ್ನಿನಲ್ಲಿ ಜೋಡಿಸಿದ ಹೊದಿಕೆ.

ಕೊಡಗಿನಲ್ಲಿ ಮೊದಲು ಯೋಚಿಸಬೇಕಾದ್ದು ಮಳೆಗಾಲದ ಬಗ್ಗೆ. ಕೌದಿಯೊಳಗೆ ಎರಡು ಮೂರು ಪದರ ಹಳೆ ಹತ್ತಿ ಸೀರೆ ಇರುವುದರಿಂದ ಜುಲೈನಲ್ಲಿ ಒಗೆದರೆ ಬೇಗ ಒಣಗದು, ಬೂಷ್ಟು ಹಿಡಿಯುತ್ತದೆ. ಮಿಷನ್ ಹೊದಿಕೆಯ ನಡುವೆ ತೆಳು ಪಾಲಿಯೆಸ್ಟರ್ ಹಾಳೆ ಇಟ್ಟರೆ ಹಗುರ, ಒಣಗುವುದೂ ಬೇಗ.

ಶ್ರಮದ ಲೆಕ್ಕ ಬೇರೆ. ಟೀ ಶರ್ಟ್ ಹೆಣೆದ ಬಟ್ಟೆ. ಮಿಷನ್ನಿನಡಿ ಹಿಗ್ಗಿ ಚೌಕ ಸೊಟ್ಟಗಾಗುತ್ತದೆ. ಅದಕ್ಕೇ ಮೃದುಕಾರಕ ಹಾಕದೆ ಒಗೆದು, ಒಳಬದಿಗೆ ಇಸ್ತ್ರಿಯಿಂದ ಅಂಟುವ ಕ್ಯಾನ್ವಾಸ್ ಹಚ್ಚಿ, ಆಮೇಲೆಯೇ 36 ಸೆಂ.ಮೀ. ಚೌಕ ಕತ್ತರಿಸಬೇಕು. ಹೊಲಿಗೆಗೆಂದು ಪ್ರತಿ ಬದಿ 1 ಸೆಂ.ಮೀ. ಅಂಚು ಬಿಟ್ಟು 4×5 ಸಾಲಿನಲ್ಲಿ 20 ಚೌಕ ಜೋಡಿಸಿದರೆ ಸುಮಾರು 136×170 ಸೆಂ.ಮೀ. ಸೂಜಿ ದುಂಡುಮೊನೆಯ 14ನೇ ನಂಬರಿನದಿರಲಿ; ಚೂಪು ಮೊನೆ ಎಳೆ ಕತ್ತರಿಸಿ ತೂತು ಬಿಡುತ್ತದೆ. ಜೆರ್ಸಿ ಪಾಲಿಯೆಸ್ಟರ್ ಆದ್ದರಿಂದ ಕಡಿಮೆ ಬಿಸಿಯಲ್ಲಿ, ಮೇಲೊಂದು ಹತ್ತಿ ಬಟ್ಟೆ ಹಾಸಿ ಇಸ್ತ್ರಿ ಮಾಡಿ. ಅಚ್ಚಿನ ಮೇಲೆ ನೇರ ಇಸ್ತ್ರಿ ಇಟ್ಟರೆ ಹೆಸರು, ನಂಬರು ಎಲ್ಲ ಹೋದಂತೆಯೇ.

ಉತ್ತರ ಕರ್ನಾಟಕದ ಕೌದಿಗೆ ಈ ಕ್ಯಾನ್ವಾಸ್ ಬೇಡ. ಅಂಚಿನಿಂದ ಒಳಕ್ಕೆ 2 ಸೆಂ.ಮೀ. ಅಂತರದ ಸಾಲುಹೊಲಿಗೆಯೇ ಬಟ್ಟೆಯನ್ನು ಹಿಡಿದಿಡುತ್ತದೆ. ಖರ್ಚು ದಾರದ್ದು ಮಾತ್ರ, ಸಮಯ ವಾರಗಟ್ಟಲೆ. ದಪ್ಪ ರಬ್ಬರ್ ಅಚ್ಚಿನಲ್ಲಿ ಕೈಸೂಜಿ ಇಳಿಯದು. ಹರಿದರೆ ಮೇಲೊಂದು ತೇಪೆ ಹಾಕಿದರಾಯಿತು, ಅದು ಕೌದಿಯ ದೊಡ್ಡ ಗುಣ.

ಹತ್ತಿ ಶರ್ಟ್‌ಗಳು, ಬಿಡುವು, ಹಳೆ ಸೀರೆಯ ನೆನಪೂ ಸೇರಬೇಕೆಂಬ ಆಸೆ ಇದ್ದರೆ ಕೌದಿ. ಜೆರ್ಸಿಗಳೇ ಹೆಚ್ಚು, ಮಳೆಯಲ್ಲೂ ಒಗೆಯಬೇಕು ಎಂದಾದರೆ ಮಿಷನ್.