ಟರ್ಕಿ ಕರಿಯುವ ಬರ್ನರಿನಲ್ಲಿ ಆರು ವರ್ಷ ಬಿಯರ್ ಕುದಿಸಿದ ಮೇಲೆ

ಈ ಬರ್ನರನ್ನು ಕೊಂಡದ್ದು 2019ರಲ್ಲಿ. ಅಮೆರಿಕದವರು ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಇಡೀ ಟರ್ಕಿ ಕೋಳಿಯನ್ನು ಎಣ್ಣೆಯಲ್ಲಿ ಕರಿಯಲು ಬಳಸುವ ಮೂರು ಕಾಲಿನ ಪ್ರೊಪೇನ್ ಒಲೆ ಇದು. ಪೆಟ್ಟಿಗೆಯ ಮೇಲೆ 55,000 ಬಿಟಿಯು (ಒಲೆ ಗಂಟೆಗೆ ಕೊಡುವ ಶಾಖದ ಅಳತೆ) ಎಂದಿತ್ತು. ಮಿಷಿಗನ್‌ನ ನಮ್ಮ ಹಿತ್ತಿಲಿನಲ್ಲಿ ನಾನು ಒಂದು ಸಲಕ್ಕೆ ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಬಿಯರ್ ಮಾಡುತ್ತೇನೆ. ಅದಕ್ಕಾಗಿ 25 ಲೀಟರಿನಷ್ಟು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ರಸವನ್ನು ಒಂದು ಗಂಟೆ ಬಿಡದೆ ಕುದಿಸಬೇಕು. ಅಡುಗೆಮನೆಯ ಒಲೆಗೆ ಅದು ಆಗುವ ಕೆಲಸವಲ್ಲ.

ಅಂಗಡಿಯಿಂದ ತಂದ ಹಾಗೆಯೇ ಬಳಸಿದಾಗ ಮೊದಲ ದಿನವೇ ಬೇಸರವಾಯಿತು. ಕಾದ ಎಣ್ಣೆಗೆ ಬೆಂಕಿ ಹತ್ತಬಾರದೆಂದು ಇದಕ್ಕೊಂದು ಟೈಮರ್ ಕೂಡಿಸಿದ್ದಾರೆ. ಹದಿನೈದು ನಿಮಿಷಕ್ಕೊಮ್ಮೆ ತಿರುಗಿಸದಿದ್ದರೆ ಅನಿಲವೇ ನಿಂತುಹೋಗುತ್ತದೆ. ಕರಿಯುವವರಿಗೆ ಅದು ಬೇಕೇ ಬೇಕು. ನಾನು ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂಗಳನ್ನು ತೂಗಿ ಬರುವಷ್ಟರಲ್ಲಿ ಕುದಿ ಇಳಿದಿತ್ತು. ಟೈಮರನ್ನು ಬಿಚ್ಚಿ ತಂತಿ ಕಟ್ಟುವ ಉಪಾಯಗಳನ್ನು ನಾನು ಒಪ್ಪುವುದಿಲ್ಲ. ಟೈಮರ್ ಕೂಡಿದ್ದ ನಳಿಗೆ, ರೆಗ್ಯುಲೇಟರ್ ಎರಡನ್ನೂ ತೆಗೆದು, ಬರ್ನರಿಗೆ ಹೇಳಿದ 10 ಪಿಎಸ್‌ಐ ಒತ್ತಡದ್ದೇ ಆದ, ತಿರುಗಿಸಿ ಉರಿ ಹೊಂದಿಸಬಹುದಾದ ಹೊಸ ಜೋಡಿಯನ್ನು ಹಾಕಿದೆ. ರಸ ನೊರೆಯೆದ್ದು ಉಕ್ಕಲು ಬಂದ ಕ್ಷಣದಲ್ಲಿ ಉರಿ ತಗ್ಗಿಸಲು ಆ ತಿರುಪು ಎಷ್ಟು ಉಪಕಾರಿ ಎಂಬುದು ಉಕ್ಕಿಸಿಕೊಂಡವರಿಗೇ ಗೊತ್ತು. ಟೈಮರ್ ಹೋದ ಮೇಲೆ ಒಲೆ ಬಿಟ್ಟು ಕದಲಬಾರದು. ಇದರಲ್ಲಿ ಎಣ್ಣೆ ಕಾಯಿಸಲೂ ಬಾರದು.

ನಿಜವಾದ ಬದಲಾವಣೆ ತಂದದ್ದು ಒಂದು ತಗಡು. ನಮ್ಮಲ್ಲಿ ಗಾಳಿ ಬಹಳ. ಉರಿ ಪಾತ್ರೆಯ ತಳಕ್ಕೆ ತಾಗುವ ಮೊದಲೇ ಪಕ್ಕಕ್ಕೆ ಹಾರಿಹೋಗುತ್ತಿತ್ತು. ಬಚ್ಚಲ ಹಂಡೆಯ ಸುತ್ತ ಮಣ್ಣಿನ ಕಟ್ಟೆ ಏಕೆ ಇರುತ್ತಿತ್ತು ಎಂಬುದು ನನಗೆ ಅರ್ಥವಾದದ್ದು ಇಲ್ಲಿ. ಒಲೆಯ ಮೂರು ಕಡೆ ಸ್ಟೇನ್‌ಲೆಸ್ ಸ್ಟೀಲ್ ತಗಡನ್ನು ಬಾಗಿಸಿ ನಿಲ್ಲಿಸಿದೆ. ಕೆಳಗೆ ಗಾಳಿಯಾಡಲು ಸಂದು ಬಿಟ್ಟೆ, ನಳಿಗೆಯ ಕಡೆಯನ್ನು ಪೂರ್ತಿ ತೆರೆದಿಟ್ಟೆ. ಆ ಕಡೆ ಮುಚ್ಚಿದರೆ ಶಾಖ ನಳಿಗೆಯತ್ತ ತಿರುಗುತ್ತದೆ. ಸತು ಲೇಪಿಸಿದ ತಗಡು ಬೇಡ, ಕಾದಾಗ ಅದರ ಹೊಗೆ ವಿಷ. ಮೊದಲು 20 ಪೌಂಡಿನ ಒಂದು ಸಿಲಿಂಡರ್ ಐದು ಸಲದ ಬಿಯರಿಗೆ ಮುಗಿಯುತ್ತಿತ್ತು. ಈಗ ಎಂಟು ಸಲಕ್ಕೆ ಬರುತ್ತದೆ.

ಉರಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತಿದ್ದರೆ ಗಾಳಿ ಸಾಲದು ಎಂದರ್ಥ. ಬರ್ನರಿನ ಬುಡದ ಗಾಳಿಬಿಲ್ಲೆಯನ್ನು ನೀಲಿ ಉರಿ ಬರುವ ತನಕ ಸ್ವಲ್ಪಸ್ವಲ್ಪವೇ ತೆರೆಯಬೇಕು. ಹಾಗೆ ಮಾಡಿಯೂ ಒಂದು ವಸಂತದಲ್ಲಿ ಹಳದಿ ಹೋಗಲಿಲ್ಲ. ಕೊಳವೆಯೊಳಗೆ ಜೇಡ ಗೂಡು ಕಟ್ಟಿತ್ತು! ಈಗ ಪ್ರತಿ ಋತುವಿನ ಆರಂಭದಲ್ಲಿ ಬಾಟಲಿ ತೊಳೆಯುವ ಬ್ರಷ್ ಹಾಕಿ ಉಜ್ಜುತ್ತೇನೆ.

ಇನ್ನೊಂದು ಸಲ ಉರಿ ತೀರಾ ಸಣ್ಣದಾದಾಗ ರೆಗ್ಯುಲೇಟರ್ ಕೆಟ್ಟಿತೆಂದು ಹೊಸದಕ್ಕೆ ಹಣ ಕೊಟ್ಟೆ. ಕೆಟ್ಟಿರಲೇ ಇಲ್ಲ. ಸಿಲಿಂಡರಿನ ಕವಾಟವನ್ನು ಒಮ್ಮೆಲೇ ತಿರುಗಿಸಿದರೆ, ಎಲ್ಲೋ ಸೋರುತ್ತಿದೆಯೆಂದು ಒಳಗಿನ ಸುರಕ್ಷಾ ವ್ಯವಸ್ಥೆ ಅನಿಲವನ್ನು ತಡೆದುಬಿಡುತ್ತದೆ. ಎಲ್ಲವನ್ನೂ ಮುಚ್ಚಿ, ಒಂದು ನಿಮಿಷ ತಡೆದು, ನಿಧಾನವಾಗಿ ತೆರೆದರೆ ಸರಿಹೋಗುತ್ತದೆ.

ಅನಿಲ ಬರುವ ಸಣ್ಣ ರಂಧ್ರವನ್ನು ಡ್ರಿಲ್ಲಿನಿಂದ ಹಿಗ್ಗಿಸಿದರೆ ಬೇಗ ಕುದಿಯುತ್ತದೆ ಎಂದು ಹಲವರು ನನಗೆ ಹೇಳಿದರು. ದಯವಿಟ್ಟು ಮಾಡಬೇಡಿ. ಅನಿಲ ಹೆಚ್ಚಿ ಗಾಳಿ ಸಾಲದೆ ಮಸಿ, ಕಾರ್ಬನ್ ಮಾನಾಕ್ಸೈಡ್ ಎರಡೂ ಹೆಚ್ಚುತ್ತವೆ. ಮಳೆ ಬಂತೆಂದು ಗ್ಯಾರೇಜಿನೊಳಗೆ ಹಚ್ಚುವುದೂ ಬೇಡ, ಬಾಗಿಲು ತೆರೆದಿದ್ದರೂ ಬೇಡ. ಪ್ರೊಪೇನ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಹರಡಿಕೊಂಡು ನಿಲ್ಲುತ್ತದೆ.

ಬಣ್ಣ ಮೊದಲ ವರ್ಷವೇ ಸುಟ್ಟುಹೋಗಿ ಕಾಲುಗಳು ತುಕ್ಕು ಹಿಡಿದವು. ಈ ಬೆಲೆಗೆ ಇನ್ನೂ ಒಳ್ಳೆಯ ಬಣ್ಣ ಕೊಡಬಹುದಿತ್ತು. ಚಳಿಗಾಲದಲ್ಲಿ ಸಿಲಿಂಡರಿನ ಒತ್ತಡವೇ ಇಳಿಯುವುದರಿಂದ ಅರ್ಧಕ್ಕಿಂತ ಕಡಿಮೆ ತುಂಬಿದ್ದನ್ನು ಬಳಸುವುದಿಲ್ಲ. ಯುಗಾದಿಗೆ ಗೆಳೆಯರೆಲ್ಲ ಸೇರಿದಾಗ ಇದೇ ಒಲೆಯ ಮೇಲೆ ಐವತ್ತು ಜನಕ್ಕೆ ಬಿಸಿಬೇಳೆಬಾತ್ ಮಾಡಿದ್ದೇವೆ; ಸಣ್ಣ ಉರಿಯಲ್ಲಿ ತಳ ಹಿಡಿಯಲಿಲ್ಲ.

ಈ ಮೇ ತಿಂಗಳಲ್ಲಿ ಎಂದಿನಂತೆ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದಾಗ ನಳಿಗೆಯ ತುದಿಯಲ್ಲಿ ಗುಳ್ಳೆಗಳೆದ್ದವು. ಮಾಲ್ಟ್ ಪುಡಿ ಮಾಡಿಟ್ಟಾಗಿತ್ತು. ಆದರೂ ಹೊಸ ನಳಿಗೆ ಬರುವ ತನಕ ಒಲೆ ಹಚ್ಚಲಿಲ್ಲ.