‘ಕಂಪ್ಲೀಟ್ ಪ್ರೊ ಕಿಟ್’ ಅಂತ ಅಕಾಡೆಮಿಗೆ ದುಡ್ಡು ಕಟ್ಟೋ ಮುಂಚೆ ಒಂದೊಂದು ಡಬ್ಬಿನೂ ತಿರುಗಿಸಿ ನೋಡಿ

ಬ್ರೈಡಲ್ ಮೇಕಪ್ ಕೋರ್ಸ್ ಮುಗಿಸಿ ಸ್ವಂತವಾಗಿ ಆರ್ಡರ್ ಹಿಡೀಬೇಕು ಅಂತಿರೋ ಹುಡುಗೀರು ದಯವಿಟ್ಟು ಪೂರ್ತಿ ಓದಿ. ಬೆಂಗಳೂರಿನ ಒಂದು ಅಕಾಡೆಮಿಗೆ ಕಿಟ್‌ಗೆ ಅಂತಲೇ 38,000 ಕೊಟ್ಟಿದ್ದೀನಿ. ಕೋರ್ಸ್ ಫೀಸ್ ಬೇರೆ. 62 ಐಟಂ ಇದೆ, ಎಂಆರ್‌ಪಿ ಲೆಕ್ಕ ಹಾಕಿದ್ರೆ 85,000 ದಾಟುತ್ತೆ, ಸ್ಟೂಡೆಂಟ್ಸ್‌ಗೆ ಮಾತ್ರ ಈ ರೇಟು ಅಂದಿದ್ರು. ಆ 62ರಲ್ಲಿ ಇವತ್ತು ಬಳಸೋಕೆ ಯೋಗ್ಯವಾಗಿರೋದು 9. ಟ್ರಾಲಿ ಒಂದು, ಬಣ್ಣ ಕಲಸೋ ಸ್ಟೀಲ್ ಪ್ಯಾಲೆಟ್ ಒಂದು, ಸ್ಪ್ಯಾಚುಲಾ ಒಂದು, ಹೇರ್ ಕ್ಲಿಪ್ ಪ್ಯಾಕೆಟ್ ಒಂದು, ಬ್ರಷ್ 5. ಮುಖಕ್ಕೆ ಹಚ್ಚುವಂಥದ್ದು ಒಂದೂ ಇಲ್ಲ. ಒಂದೂ ಇಲ್ಲ.

62 ಅನ್ನೋ ಸಂಖ್ಯೆ ಹೇಗೆ ಬಂತು ಅಂತ ಮೊದಲೇ ಕೂತು ಎಣಿಸಬೇಕಿತ್ತು. ಬ್ರಷ್ ಸೆಟ್ ಒಂದು ಐಟಂ ಅಲ್ಲ, 24 ಐಟಂ. ಲಿಪ್‌ಸ್ಟಿಕ್ 12. ಸ್ಪಂಜ್ 6. ಕಣ್ರೆಪ್ಪೆ 5 ಜೊತೆ. ಇಲ್ಲಿಗೇ 47 ಆಯ್ತು. ಉಳಿದ 15ರಲ್ಲಿ ಟ್ರಾಲಿ, ಪ್ಯಾಲೆಟ್, ಸ್ಪ್ಯಾಚುಲಾ, ಕ್ಲಿಪ್ ಎಲ್ಲಾ ಸೇರಿವೆ. ಫೌಂಡೇಶನ್ ಎಷ್ಟು? ಎರಡು. ಎರಡೂ ಐವರಿ, ಅಂದ್ರೆ ದಂತದ ಬಿಳುಪು, ಎರಡೂ ಗುಲಾಬಿ ಛಾಯೆ. ಕಪ್ಪು ಮರೆಸೋಕೆ ಮೊದಲು ಹಚ್ಚೋ ಪೀಚ್ ಅಥವಾ ಆರೆಂಜ್ ಕರೆಕ್ಟರ್ ಇಲ್ಲವೇ ಇಲ್ಲ. ಕಲೆ ಮುಚ್ಚೋ ಕನ್ಸೀಲರ್ ಇಲ್ಲ. ನಮ್ಮ ಕಡೆ ಮದುಮಕ್ಕಳ ಕಣ್ಣ ಕೆಳಗಿನ ಕಪ್ಪಿಗೆ ಕರೆಕ್ಟರ್ ಇಲ್ಲದೆ ಏನು ಹಚ್ಚಿದ್ರೂ ಬೂದು ಬಣ್ಣಕ್ಕೇ ತಿರುಗುತ್ತೆ. ಗೋಧಿ ಬಣ್ಣದ ಚರ್ಮದ ಮೇಲೆ, ಅದೂ ಅರಿಶಿನ ಶಾಸ್ತ್ರ ಮುಗಿಸಿ ಹಳದಿ ಇನ್ನೂ ಹೋಗಿರದ ಮುಖದ ಮೇಲೆ, ಗುಲಾಬಿ ಐವರಿ ಹಚ್ಚಿದ್ರೆ ವಿಭೂತಿ ಬಳಿದ ಹಾಗೆ ಕಾಣುತ್ತೆ. ಇದು ಕಲಿಸೋರಿಗೆ ಗೊತ್ತಿಲ್ವಾ? ಗೊತ್ತು. ಅದೇ ಮೇಡಂ ಕ್ಲಾಸಲ್ಲಿ ಇದನ್ನೇ ಹೇಳಿಕೊಟ್ಟಿದ್ದು.

ಗೊತ್ತಾಗಿದ್ದು ಹೇಗೆ ಅಂತ ಹೇಳ್ತೀನಿ, ಯಾಕಂದ್ರೆ ನಿಮ್ಮ ಟ್ರಾಲಿನೂ ಹೀಗೇ ಇರಬಹುದು. ಟ್ರಯಲ್ ಮೇಕಪ್‌ಗೆ ಕೂರೋ ಮುಂಚೆ ಪೇಂಟ್ ಸ್ಟಿಕ್‌ನ (ಕೊಳವೆಯಲ್ಲಿ ಬರೋ ಗಟ್ಟಿ ಮೇಕಪ್ ಬಣ್ಣ) ಮೇಲ್ಪದರ ಕೆರೆದು ತೆಗೆದು, 70% ಐಸೊಪ್ರೊಪೈಲ್ ಆಲ್ಕೋಹಾಲ್ ಸ್ಪ್ರೇ ಹೊಡೆದು ಒರೆಸೋದು ರೂಢಿ. ಕೊಳವೆಯ ಹೊರಗೂ ಒರೆಸಿದಾಗ ಬುಡದಲ್ಲಿದ್ದ ಬಿಳಿ ಸ್ಟಿಕ್ಕರ್‌ನ ಅಂಚು ನೆನೆದು ಎದ್ದಿತು. ಉಗುರು ಹಾಕಿ ಎಳೆದರೆ ಸಲೀಸಾಗಿ ಬಂತು. ಸ್ಟಿಕ್ಕರ್ ಮೇಲೆ ಇದ್ದಿದ್ದು ‘ಯೂಸ್ ಬಿಫೋರ್ 11/2027’. ಅದರ ಕೆಳಗೆ, ಪ್ಲಾಸ್ಟಿಕ್ ಮೇಲೇ ಅಚ್ಚಾಗಿದ್ದಿದ್ದು 08/2022. ಎರಡು ಸಲ ಓದಿದೆ. ಆಮೇಲೆ ಫೌಂಡೇಶನ್ ಬಾಟಲಿ ತಿರುಗಿಸಿದೆ, ಅಲ್ಲೂ ಅದೇ ಬಿಳಿ ಸ್ಟಿಕ್ಕರ್. ಪ್ರೈಮರ್, ಅದೇ ಸ್ಟಿಕ್ಕರ್. ಎಲ್ಲದರ ಮೇಲೂ ಒಂದೇ ತಾರೀಖು, 11/2027. ಬೇರೆ ಬೇರೆ ಕಂಪನಿ, ಬೇರೆ ಬೇರೆ ವಸ್ತು, ಎಲ್ಲಕ್ಕೂ ಒಂದೇ ತಿಂಗಳು ಮುಗಿಯೋದು ಹೇಗೆ ಸಾಧ್ಯ?

ಆಮೇಲೆ ಲಿಪ್‌ಸ್ಟಿಕ್ ಡಬ್ಬಿಗಳನ್ನ ಸಾಲಾಗಿ ಇಟ್ಟು ನೋಡಿದೆ. 12 ಶೇಡ್, 12 ಡಬ್ಬಿ, ಬುಡದಲ್ಲಿ ಒತ್ತಿರೋ ಬ್ಯಾಚ್ ಕೋಡ್ ಮಾತ್ರ 12ರಲ್ಲೂ ಅಕ್ಷರ ಬಿಡದೆ ಒಂದೇ. ಒಂದು ಬ್ಯಾಚ್ ಅಂದ್ರೆ ಒಂದು ಸಲ ಕಲಸಿದ ಬಣ್ಣ. ಮರೂನೂ ನ್ಯೂಡೂ ಒಂದೇ ಬ್ಯಾಚಲ್ಲಿ ಬರೋಕಾಗಲ್ಲ. ಡಬ್ಬಿ ಮೇಲಿನ ಕೋಡೂ ಒಳಗಿನ ಟ್ಯೂಬ್ ಬುಡದ ಕೋಡೂ ಒಂದೇ ಇರಬೇಕು, ಶೇಡ್‌ನಿಂದ ಶೇಡ್‌ಗೆ ಸಾಮಾನ್ಯವಾಗಿ ಬೇರೆ ಇರುತ್ತೆ. ಇಲ್ಲಿ ಇದ್ದಿದ್ದು ತಲೆಕೆಳಗು. 12 ಡಬ್ಬಿಗೂ ಒಂದೇ ಕೋಡ್, ಒಳಗಿನ ಟ್ಯೂಬ್‌ಗಳಿಗೆ ಕೋಡೇ ಇಲ್ಲ. ತಗೊಂಡು ಹೆಚ್ಚುಕಮ್ಮಿ ಎರಡು ತಿಂಗಳಾಗಿತ್ತು. ಎರಡು ತಿಂಗಳು ಅದನ್ನೇ ಹೆಮ್ಮೆಯಿಂದ ಜೋಡಿಸಿ ಫೋಟೋ ಹಾಕಿದ್ದೆ. ಅದನ್ನ ನೆನೆಸಿಕೊಂಡ್ರೆ ಈಗಲೂ ಮೈ ಉರಿಯುತ್ತೆ.

ಇದನ್ನೆಲ್ಲ ಅಕಾಡೆಮಿ ಮೇಡಂಗೆ ಮೆಸೇಜ್ ಮಾಡಿ ಕೇಳಿದೆ. ಈಗ ಅವರ ಉತ್ತರಗಳು. ಇದನ್ನ ಓದಿ, ನಿಮಗೂ ಇದೇ ಸಾಲುಗಳು ಬರ್ತವೆ.

ಮೊದಲು ಬಂದಿದ್ದು: ‘ಡಿಯರ್, ಅದು ಇಂಪೋರ್ಟೆಡ್ ಸ್ಟಾಕು, ಸ್ಟಿಕ್ಕರ್ ಇದ್ದೇ ಇರುತ್ತೆ. ನಿನಗೆ ಇನ್ನೂ ಫೀಲ್ಡ್ ಗೊತ್ತಿಲ್ಲ.’ ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಎಲ್ಲರೂ ನಂಬ್ತಾರೆ. ಆಮದು ವಸ್ತುವಿಗೆ ಸ್ಟಿಕ್ಕರ್ ಇರುತ್ತೆ, ಸರಿ. ಆದ್ರೆ ಆ ಸ್ಟಿಕ್ಕರ್‌ನಲ್ಲಿ ಆಮದು ಮಾಡಿದವರ ಹೆಸರು, ವಿಳಾಸ, ನೋಂದಣಿ ಪ್ರಮಾಣಪತ್ರದ ಸಂಖ್ಯೆ, ಎಂಆರ್‌ಪಿ ಇರಬೇಕು. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯಲ್ಲಿ ನೋಂದಣಿ ಆಗದ ಕಾಸ್ಮೆಟಿಕ್ಸನ್ನ ಒಳಗೆ ತರೋ ಹಾಗೇ ಇಲ್ಲ. ಇವರ ಸ್ಟಿಕ್ಕರ್‌ನಲ್ಲಿ ತಾರೀಖು ಬಿಟ್ರೆ ಬೇರೆ ಏನೂ ಇಲ್ಲ. ತಯಾರಕರು ಅಚ್ಚು ಹಾಕಿದ ತಾರೀಖನ್ನ ಮುಚ್ಚೋಕೆ ಅಂಟಿಸೋದು ಆಮದು ಸ್ಟಿಕ್ಕರ್ ಅಲ್ಲ, ಮೋಸ.

ಕೆಳಗಿನ ತಾರೀಖಿನ ಫೋಟೋ ಕಳಿಸಿದ ಮೇಲೆ: ‘ಅದು ಮ್ಯಾನುಫ್ಯಾಕ್ಚರಿಂಗ್ ಡೇಟು ಅಮ್ಮಾ.’ ‘ಯೂಸ್ ಬಿಫೋರ್’ ಅಂತ ಪಕ್ಕದಲ್ಲೇ ಬರೆದಿದೆ ಮ್ಯಾಮ್ ಅಂದೆ. ಒಂದು ದಿನ ಉತ್ತರ ಇಲ್ಲ.

ಲಿಪ್‌ಸ್ಟಿಕ್ ಬಗ್ಗೆ ಕೇಳಿದ್ದಕ್ಕೆ: ‘ಅದು ಫೇಕ್ ಅಲ್ಲ, ಫಸ್ಟ್ ಕಾಪಿ. ಫೀಲ್ಡಲ್ಲಿ ಎಲ್ರೂ ಅದನ್ನೇ ಬಳಸೋದು.’ ದುಡ್ಡು ತಗೊಳ್ಳುವಾಗ ಒರಿಜಿನಲ್. ಕೇಳಿದಾಗ ಫಸ್ಟ್ ಕಾಪಿ. ಫಸ್ಟ್ ಕಾಪಿ, ಮಾಸ್ಟರ್ ಕಾಪಿ ಅನ್ನೋದೆಲ್ಲ ನಕಲಿಗೆ ಇಟ್ಟಿರೋ ಮುದ್ದು ಹೆಸರು ಅಷ್ಟೇ.

ಫೌಂಡೇಶನ್ ಮುಖದ ಮೇಲೆ ಗಂಟೆಯೊಳಗೆ ಒಡೆಯುತ್ತೆ ಅಂದಿದ್ದಕ್ಕೆ: ‘ನೀನು ಸ್ಕಿನ್ ಪ್ರೆಪ್ ಸರಿಯಾಗಿ ಮಾಡಿಲ್ಲ. ಕೈ ಪಳಗಬೇಕು ಪುಟ್ಟಾ.’ ಈ ಒಂದು ಮಾತಿಗೆ ಒಂದು ವಾರ ಸುಮ್ಮನಾಗಿಬಿಟ್ಟೆ. ತಪ್ಪು ನನ್ನ ಕೈಯದ್ದೇ ಇರಬೇಕು ಅಂದುಕೊಂಡೆ. ಹೊಸಬರ ಬಾಯಿ ಮುಚ್ಚಿಸೋ ಮಾತು ಇದೇ. ಕೈ ತಪ್ಪೋ ಸರಕಿನ ತಪ್ಪೋ ಅಂತ ನೋಡೋಕೆ ಮುಖವೇ ಬೇಕಾಗಿಲ್ಲ. ಸ್ಟೀಲ್ ಪ್ಯಾಲೆಟ್ ಮೇಲೆ ಒಂದು ಹನಿ ಹಾಕಿ ಹತ್ತು ನಿಮಿಷ ಬಿಡಿ. ಎಣ್ಣೆ ಒಂದು ಕಡೆ, ಬಣ್ಣ ಒಂದು ಕಡೆ ಆಗಿ, ಸ್ಪ್ಯಾಚುಲಾದಲ್ಲಿ ಕಲಸಿದ್ರೂ ಕೂಡದೆ ಹೋದ್ರೆ ಅದು ಕೆಟ್ಟಿದೆ. ಹಳೇ ಪೇಂಟ್ ಸ್ಟಿಕ್ ಆದ್ರೆ ತುದಿಯಲ್ಲಿ ಬೆವರಿನ ಹಾಗೆ ಎಣ್ಣೆ ಹನಿ ನಿಲ್ಲುತ್ತೆ, ಹಳಸಿದ ಎಣ್ಣೆ ವಾಸನೆ ಬರುತ್ತೆ. ನನ್ನ ಹತ್ರ ಇರೋದರಲ್ಲಿ ಎರಡೂ ಇತ್ತು.

ಕೊನೆಗೆ ವಾಪಸ್ ತಗೊಳ್ಳಿ ಅಂದಾಗ: ‘ಓಪನ್ ಆಗಿರೋದು ರಿಟರ್ನ್ ಇಲ್ಲ. ಬಿಲ್ ಇದೆಯಾ?’ ಬಿಲ್ ಕೊಟ್ಟಿರಲಿಲ್ಲ ಅವರು! ‘ಕಿಟ್ 38,000 ಪೇಯ್ಡ್’ ಅಂತ ಲೆಟರ್‌ಹೆಡ್ ಇಲ್ಲದ ಒಂದು ಚೀಟಿ. ದುಡ್ಡು ಹೋಗಿದ್ದು ಅಕಾಡೆಮಿ ಖಾತೆಗಲ್ಲ, ಒಬ್ಬರ ಸ್ವಂತ ಯುಪಿಐಗೆ. ಜಿಎಸ್‌ಟಿ ಬಿಲ್ ಬೇಕಾದ್ರೆ 18% ಮೇಲೆ ಆಗುತ್ತೆ ಅಂದಾಗ ಉಳೀತಲ್ಲ ಅಂತ ಒಪ್ಪಿಕೊಂಡಿದ್ದು ನನ್ನ ತಪ್ಪು. ನೀವು ಒಪ್ಪಬೇಡಿ.

ಉಳಿದ ಸರಕಿನ ಕಥೆ ಬೇಗ ಹೇಳ್ತೀನಿ. ಬ್ರಷ್: 24ರಲ್ಲಿ ಒಂದೇ ಥರದ್ದು ಎಂಟು ಇವೆ, ಎರಡು ಸಲ ತೊಳೆದ ಮೇಲೆ ಲೋಹದ ಹಿಡಿಯ ಅಂಟು ಬಿಟ್ಟು ತಲೆ ಕಳಚಿ ಬಂತು. ಅಂಗೈ ಮೇಲೆ ಹತ್ತು ಸಲ ಗಟ್ಟಿಯಾಗಿ ಉಜ್ಜಿ ನೋಡಿ, ಮೂರ್ನಾಲ್ಕಕ್ಕಿಂತ ಹೆಚ್ಚು ಕೂದಲು ಉದುರಿದ್ರೆ ತಗೋಬೇಡಿ. ಸ್ಪಂಜ್: ನೀರಲ್ಲಿ ಅದ್ದಿದ್ರೆ ಚೆನ್ನಾಗಿ ಉಬ್ಬಬೇಕು, ಇವು ಕಲ್ಲಿನ ಹಾಗೆ ಇದ್ದಷ್ಟೇ ಇದ್ವು. ಮಸ್ಕಾರಾ ವಾಟರ್‌ಪ್ರೂಫ್ ಅಂತ ಬರೆದಿದೆ, ಮುಂಗೈಗೆ ಹಚ್ಚಿ ಐದು ನಿಮಿಷ ಬಿಟ್ಟು ನಲ್ಲಿ ಕೆಳಗೆ ಹಿಡಿದ್ರೆ ಕಪ್ಪು ನೀರಾಗಿ ಹರೀತು. ಬೆಳಗಿನ ಜಾವದ ಮುಹೂರ್ತ, ಹೋಮದ ಹೊಗೆ, ಧಾರೆ ಹೊತ್ತಲ್ಲಿ ಕಣ್ಣೀರು. ಅಲ್ಲಿ ಇದು ಇಳಿದ್ರೆ ಆ ಮನೆಯವರು ಹೇಳೋದು ಅಕಾಡೆಮಿ ಹೆಸರಲ್ಲ, ನಿಮ್ಮ ಹೆಸರು. ಎಚ್‌ಡಿ ಪೌಡರ್ ಫ್ಲ್ಯಾಶಲ್ಲಿ ಬೆಳ್ಳಗೆ ಹೊಡೆಯುತ್ತೆ. ಸಿಲಿಕಾ ಹೆಚ್ಚಿರೋ ಪೌಡರ್ ಜಾಸ್ತಿ ಹಾಕಿದ್ರೆ ಒರಿಜಿನಲ್ ಆದ್ರೂ ಹಾಗಾಗುತ್ತೆ, ಅದಕ್ಕೆ ಯಾವ ಪೌಡರ್ ಆದ್ರೂ ಕತ್ತಲೆ ಕೋಣೆಯಲ್ಲಿ ಫೋನ್ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆದು ನೋಡದೆ ಕಿಟ್‌ಗೆ ಸೇರಿಸಬೇಡಿ.

ರೆಡಿ ಕಿಟ್ ತಗೊಳ್ಳಲೇಬೇಡಿ. ನಾನಾಗಿದ್ರೆ ಈಗ ಹೀಗೆ ಮಾಡ್ತೀನಿ: ನಾಲ್ಕೇ ಬೇಸ್ (ಫೌಂಡೇಶನ್). ಒಂದು ತೀರಾ ತಿಳಿ, ಒಂದು ತೀರಾ ಗಾಢ, ನಡುವೆ ಹಳದಿ ಛಾಯೆಯ ಎರಡು. ಸ್ಟೀಲ್ ಪ್ಯಾಲೆಟ್ ಮೇಲೆ ಕಲಸಿದ್ರೆ ನಮ್ಮ ಕಡೆಯ ಹೆಚ್ಚಿನ ಎಲ್ಲಾ ಬಣ್ಣ ಸಿಗುತ್ತೆ. ಪೀಚ್ ಒಂದು, ಆರೆಂಜ್ ಒಂದು ಕರೆಕ್ಟರ್. ಟ್ರಾನ್ಸ್‌ಲುಸೆಂಟ್ ಪೌಡರ್ ಒಂದು. ಲಿಪ್‌ಸ್ಟಿಕ್ ಎಂಟು ಸಾಕು, ಗುಳಿ ಗುಳಿ ಇರೋ ಖಾಲಿ ಪ್ಯಾಲೆಟ್‌ಗೆ ಕೆರೆದು ತುಂಬಿಕೊಳ್ಳಿ, ಬ್ಯಾಚ್ ನಂಬರ್ ಮತ್ತು ಓಪನ್ ಮಾಡಿದ ತಾರೀಖು ಹಿಂದೆ ಬರೆದು ಅಂಟಿಸಿ. ಒಳ್ಳೇ ಬ್ರಷ್ ಹತ್ತು ಹನ್ನೆರಡು. ಒಂದು ಸಲ ಬಳಸಿ ಬಿಸಾಡೋ ಮಸ್ಕಾರಾ ವ್ಯಾಂಡ್ (ಹಚ್ಚೋ ಕಡ್ಡಿ) 50ರ ಪ್ಯಾಕೆಟ್. ಹೆಸರಿರೋ ದುಬಾರಿ ಫೌಂಡೇಶನ್ ಮೊದಲ ದಿನವೇ ಬೇಡ, ಅಂಗಡಿಯಲ್ಲಿ ಬಿಲ್ ಸಮೇತ ಸಿಗೋ ಸಾಧಾರಣ ಬ್ರ್ಯಾಂಡ್ ಅದಕ್ಕಿಂತ ಸಾವಿರ ಪಾಲು ಮೇಲು. ಪ್ಯಾಕ್ ಮೇಲೆ ಮುಚ್ಚಳ ತೆರೆದ ಡಬ್ಬಿಯ ಚಿತ್ರ ಇದ್ದು ಅದರೊಳಗೆ 6ಎಂ, 12ಎಂ ಅಂತ ಇರುತ್ತಲ್ಲ, ಓಪನ್ ಮಾಡಿದ ಮೇಲೆ ಅಷ್ಟೇ ತಿಂಗಳು. ಮಸ್ಕಾರಾ ಆದ್ರೆ ಮೂರರಿಂದ ಆರು. ಕಣ್ರೆಪ್ಪೆ ಅಂಟಿನಲ್ಲಿ ಲೇಟೆಕ್ಸ್ ಇದ್ರೆ ಹಿಂದಿನ ದಿನವೇ ಕಿವಿ ಹಿಂದೆ ಹಚ್ಚಿ ಪರೀಕ್ಷೆ ಮಾಡಿ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ರೆ ಡಬ್ಬಿ ಬಿಸಾಡಬೇಡಿ, ಸ್ಟಿಕ್ಕರ್ ಪೂರ್ತಿ ಕೀಳಬೇಡಿ, ಅರ್ಧ ಎತ್ತಿ ಎರಡೂ ತಾರೀಖು ಕಾಣೋ ಹಾಗೆ ಫೋಟೋ ತೆಗೀರಿ. ಫೋನಲ್ಲಿ ಮಾತಾಡಬೇಡಿ, ಎಲ್ಲಾ ಮೆಸೇಜಲ್ಲೇ ಕೇಳಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದೇ ಇರೋದೇ ಅನುಚಿತ ವ್ಯಾಪಾರ. ದೋಷ ಇರೋ ಸರಕನ್ನ ಬಿಲ್‌ನಲ್ಲಿ ಬರೆದ ಅವಧಿಯೊಳಗೆ, ಬರೆದಿಲ್ಲ ಅಂದ್ರೆ 30 ದಿನದೊಳಗೆ, ವಾಪಸ್ ತಗೊಂಡು ದುಡ್ಡು ಕೊಡಲ್ಲ ಅನ್ನೋದೂ ಅನುಚಿತ ವ್ಯಾಪಾರವೇ. ಅದಕ್ಕೇ ನನ್ನ ಹಾಗೆ ಎರಡು ತಿಂಗಳು ಕಾಯಬೇಡಿ, ಕಿಟ್ ಕೈಗೆ ಬಂದ ದಿನವೇ ಎಲ್ಲಾ ತಿರುಗಿಸಿ ನೋಡಿ. ‘ಓಪನ್ ಆಗಿದೆ’ ಅಂತ ಹೆದರಿಸಿದ್ರೆ ಹೆದರಬೇಡಿ, ತೆರೆಯದೆ ಕೆಟ್ಟಿದೆ ಅಂತ ಗೊತ್ತಾಗೋದು ಹೇಗೆ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ತಗೊಳ್ಳಿ. ಅದರಲ್ಲಿ ಆಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ, ನೀವು ವಾಸ ಇರೋ ಜಿಲ್ಲೆಯಲ್ಲೇ ಹಾಕಬಹುದು, ಸರಕಿಗೆ ಕೊಟ್ಟ ದುಡ್ಡು 5 ಲಕ್ಷದವರೆಗಿದ್ರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ತಾರೀಖು ತಿದ್ದಿದ ಸರಕಿನ ಬಗ್ಗೆ ರಾಜ್ಯದ ಔಷಧ ನಿಯಂತ್ರಣದವರಿಗೂ ಬರೆದು ಕೊಡಿ, ಕಾಸ್ಮೆಟಿಕ್ಸ್ ಅವರ ವ್ಯಾಪ್ತಿಗೇ ಬರುತ್ತೆ. ನಾನು ಎರಡೂ ಕಡೆ ಕೊಟ್ಟಿದ್ದೀನಿ.

ದೂರು ಹೋದ ಮೇಲೆ ಬಂದ ಮೆಸೇಜು: ‘ಡಿಯರ್, 10,000 ಕೊಡ್ತೀನಿ, ಕಂಪ್ಲೇಂಟ್ ವಾಪಸ್ ತಗೋ, ಬೇರೆ ಹುಡುಗೀರಿಗೆ ಏನೂ ಹೇಳ್ಬೇಡ.’ ತಗೊಂಡಿಲ್ಲ. ಹೊಸ ಬ್ಯಾಚ್ ಸೋಮವಾರ ಶುರು ಅಂತ ಇವತ್ತು ಬೆಳಿಗ್ಗೆ ಅವರ ಸ್ಟೇಟಸ್‌ನಲ್ಲಿ ಇತ್ತು, ಜೊತೆಗೆ ಅದೇ ಬಣ್ಣದ ಟ್ರಾಲಿಗಳ ಫೋಟೋ, ಆರು. ದೊಡ್ಡದು ಮಾಡಿ ನೋಡಿದ್ರೆ ಪೇಂಟ್ ಸ್ಟಿಕ್ ಬುಡದಲ್ಲಿ ಬಿಳಿ ಸ್ಟಿಕ್ಕರ್ ಕಾಣುತ್ತೆ.