ಹಳೇ ಲ್ಯಾಪ್‌ಟಾಪಿಗೆ ಹೈಕು: ಅಡಿಕೆ ಲೆಕ್ಕಕ್ಕೆ ಸೈ, ಕನ್ನಡಕ್ಕೆ ಇನ್ನೂ ಇಲ್ಲ

ಶಿರಸಿ, ಸಿದ್ದಾಪುರ ಕಡೆಯ ಮನೆಗಳಲ್ಲಿ ವಿಂಡೋಸ್ 7 ಹೊತ್ತು ತೆವಳುವ 2 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್ ಒಂದಾದರೂ ಅಟ್ಟ ಸೇರಿರುತ್ತದೆ. ಗುಜರಿಗೆ ಕೊಡುವ ಮುಂಚೆ ಅದಕ್ಕೆ ಹೈಕು ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ ನೋಡಬಹುದು. ಬಿಓಎಸ್ ಎಂಬ ಹಳೇ ಆಪರೇಟಿಂಗ್ ಸಿಸ್ಟಮ್ ಮಾಡಿದ್ದ ಕಂಪನಿಯ ಆಸ್ತಿಯನ್ನು 2001ರಲ್ಲಿ ಪಾಮ್ ಕಂಪನಿ ಕೊಂಡಾಗ, ಆ ವ್ಯವಸ್ಥೆಯನ್ನು ಬಿಡಲಾರದ ಹವ್ಯಾಸಿಗಳು ಅದರಂಥದ್ದನ್ನೇ ಮೊದಲಿಂದ ಬರೆಯಲು ಕೂತರು. ಮೊದಲ ಆಲ್ಫಾ, ಅಂದರೆ ಆರಂಭದ ಪರೀಕ್ಷಾ ಆವೃತ್ತಿ, ಬಂದದ್ದು 2009ರಲ್ಲಿ. ಇಲ್ಲಿ ಹೇಳುತ್ತಿರುವ ಐದನೇ ಬೀಟಾ (ಆಲ್ಫಾದ ಮುಂದಿನ ಪರೀಕ್ಷಾ ಹಂತ) 2024ರ ಸೆಪ್ಟೆಂಬರಿನದು. ಇಷ್ಟು ವರ್ಷವಾದರೂ ಬೀಟಾ ದಾಟಿಲ್ಲ. ಅಡಿಕೆ ಸಸಿ ನೆಟ್ಟವರಿಗೂ ಇದು ಸ್ವಲ್ಪ ಜಾಸ್ತಿಯೇ.

ಕನಿಷ್ಠ 384 ಎಂಬಿ ರ‍್ಯಾಮ್, 3 ಜಿಬಿ ಜಾಗ ಸಾಕು. 4 ಜಿಬಿ ಪೆನ್‌ಡ್ರೈವಿಗೆ ಇಮೇಜ್ ಬರೆದು ಬೂಟ್ ಮಾಡಿ, ಇನ್‌ಸ್ಟಾಲರಿನಿಂದಲೇ ಡ್ರೈವ್‌ಸೆಟಪ್ ತೆರೆದು ಪಾರ್ಟಿಶನ್ನನ್ನು (ಡಿಸ್ಕಿನ ಒಂದು ಭಾಗ) ಹೈಕುವಿನದೇ ಆದ ಬಿ ಫೈಲ್ ಸಿಸ್ಟಮ್ ಆಗಿ ಫಾರ್ಮ್ಯಾಟ್ ಮಾಡಿ. ಹೆಚ್ಚಿನವರು ಎಡವುವುದು ಕೊನೆಯಲ್ಲಿ: ಹಳೇ ಬಯೋಸ್ ಯಂತ್ರದಲ್ಲಿ ಟೂಲ್ಸ್ ಮೆನುವಿನ ‘ರೈಟ್ ಬೂಟ್ ಸೆಕ್ಟರ್’ ಒತ್ತದಿದ್ದರೆ, ಅಥವಾ ಪಾರ್ಟಿಶನ್ ಆಕ್ಟಿವ್ ಇಲ್ಲದಿದ್ದರೆ, ಪರದೆ ಕಪ್ಪಾಗಿಯೇ ನಿಲ್ಲಬಹುದು. ವಿಂಡೋಸನ್ನೂ ಉಳಿಸಿಕೊಳ್ಳುವುದಾದರೆ ಯಾವುದನ್ನು ಹಚ್ಚಬೇಕೆಂದು ಕೇಳುವ, ಅದೇ ಮೆನುವಿನ ಬೂಟ್ ಮ್ಯಾನೇಜರ್ ಬೇಕು. ಬೂಟ್ ಆಗುತ್ತಾ ಚಿತ್ರ ಕೆಟ್ಟರೆ ಶಿಫ್ಟ್ ಕೀ ಹಿಡಿದು ಬೂಟ್ ಮೆನುವಿಗೆ ಹೋಗಿ ಫೇಲ್‌ಸೇಫ್ ಗ್ರಾಫಿಕ್ಸ್ ಆರಿಸಿ. ವೈಫೈ ಸಿಗದಿದ್ದರೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲಿನಲ್ಲಿ ಜೋಡಿಸಿ ಟೆದರಿಂಗ್ (ಫೋನಿನ ಇಂಟರ್ನೆಟ್ ಹಂಚಿಕೆ) ಹಾಕಿ. ಫೋನೇ ಇಂಟರ್ನೆಟ್ಟಾಗಿರುವ ಊರುಗಳಿಗೆ ಹೇಗೂ ಇದೇ ಸುಲಭ.

ಹೈಕುವಿನ ನಿಜವಾದ ಹೆಚ್ಚುಗಾರಿಕೆ ಇರುವುದು ಅದರ ಫೈಲ್ ಸಿಸ್ಟಮ್ಮಿನಲ್ಲಿ. ಒಂದೊಂದು ಫೈಲಿಗೂ ನಮಗೆ ಬೇಕಾದ ವಿವರಗಳನ್ನು ಅಂಟಿಸಬಹುದು. ಅವು ಫೋಲ್ಡರಿನಲ್ಲಿ ಕಾಲಂಗಳಾಗಿ ಕಾಣುತ್ತವೆ. ಅಡಿಕೆ ಮಾರಾಟದ ಲೆಕ್ಕಕ್ಕೆ ಹೀಗೆ ಮಾಡಿ: ಪ್ರಿಫರೆನ್ಸಸ್‌ನ ಫೈಲ್‌ಟೈಪ್ಸ್‌ನಲ್ಲಿ ‘ಅಡಿಕೆ’ ಎಂಬ ಹೊಸ ಬಗೆ ಸೇರಿಸಿ, ಅದಕ್ಕೆ ನಾಲ್ಕು ಆಟ್ರಿಬ್ಯೂಟ್ (ಮೇಲೆ ಹೇಳಿದ ವಿವರ) ಕೊಡಿ. ಜಾತಿ (ರಾಶಿ, ಚಾಲಿ ಇತ್ಯಾದಿ) ಪಠ್ಯ, ತೂಕ ಮತ್ತು ದರ ಸಂಖ್ಯೆ, ದಿನಾಂಕವೂ ಪಠ್ಯ. ದಿನಾಂಕವನ್ನು ವರ್ಷ-ತಿಂಗಳು-ದಿನ ಕ್ರಮದಲ್ಲೇ ಬರೆಯಿರಿ, ಕಾಲಂ ತಲೆ ಒತ್ತಿದರೆ ಸರಿಯಾಗಿ ಸಾಲುಗೂಡುತ್ತದೆ. ಈ ಬಗೆಯ ಒಂದು ಖಾಲಿ ಫೈಲನ್ನು ಟ್ರ್ಯಾಕರಿನ (ಹೈಕುವಿನ ಫೈಲ್ ಮ್ಯಾನೇಜರ್) ‘ನ್ಯೂ ಟೆಂಪ್ಲೇಟ್ಸ್’ ಫೋಲ್ಡರಿಗೆ ಹಾಕಿದರೆ, ಆಮೇಲೆ ರೈಟ್ ಕ್ಲಿಕ್ಕಿಗೇ ಹೊಸ ಚೀಟಿ, ಅಂದರೆ ಒಂದು ಮಾರಾಟದ ಫೈಲು, ಸಿದ್ಧ.

ಹುಡುಕಾಟ ಬೇಕೆಂದರೆ ಟರ್ಮಿನಲ್ಲಿನಲ್ಲಿ ‘ಎಂಕೆಇಂಡೆಕ್ಸ್’ ಕಮಾಂಡಿನಿಂದ ಪ್ರತಿ ಆಟ್ರಿಬ್ಯೂಟಿಗೂ ಇಂಡೆಕ್ಸ್ (ಹುಡುಕುವ ಸೂಚಿ) ಮಾಡಬೇಕು. ಇದನ್ನು ಮೊದಲೇ ಮಾಡಿಕೊಳ್ಳಿ. ಇಂಡೆಕ್ಸಿಗಿಂತ ಮುಂಚೆ ಹುಟ್ಟಿದ ಫೈಲುಗಳು ಹುಡುಕಾಟದಲ್ಲಿ ಸಿಗುವುದಿಲ್ಲ. ಆಮೇಲೆ ರಾಶಿ ಜಾತಿಯದ್ದು, ಇಂತಿಷ್ಟು ದರಕ್ಕಿಂತ ಮೇಲೆ ಹೋದದ್ದು ಎಂದು ಕೇಳಿದರೆ ಪಟ್ಟಿ ತಕ್ಷಣ ಬರುತ್ತದೆ, ಹೊಸ ಚೀಟಿ ಸೇರಿದ ಹಾಗೆ ತಾನೇ ಬೆಳೆಯುತ್ತದೆ. ಉಳಿಸಿಕೊಳ್ಳುವ ಹುಡುಕಾಟದಲ್ಲಿ ‘ಟೆಂಪರರಿ’ ಗುರುತು ತೆಗೆಯಿರಿ, ಇಲ್ಲದಿದ್ದರೆ ಏಳು ದಿನಕ್ಕೆ ಅದು ಮಾಯ. ಮೊತ್ತ ಮಾತ್ರ ಅದು ಕೂಡಿಸಿಕೊಡುವುದಿಲ್ಲ, ಕ್ಯಾಲ್ಕುಲೇಟರ್ ಪಕ್ಕದಲ್ಲಿರಲಿ. ಇನ್ನೊಂದು ಅಪಾಯ: ಈ ಫೈಲುಗಳನ್ನು ಮಾಮೂಲಿ ಪೆನ್‌ಡ್ರೈವಿಗೆ ನೇರ ಎಳೆದರೆ ಆಟ್ರಿಬ್ಯೂಟ್‌ಗಳೆಲ್ಲ ಉದುರಿ ಬರೀ ಹೆಸರು ಉಳಿಯುತ್ತದೆ. ಹೈಕುವಿನಲ್ಲೇ ಜಿಪ್ ಮಾಡಿ ನಕಲಿಸಿ, ಬಿಚ್ಚುವುದೂ ಹೈಕುವಿನಲ್ಲೇ.

ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವ, ಬ್ಯಾಟರಿ ಸತ್ತ ಯಂತ್ರಕ್ಕೆ ಈ ಫೈಲ್ ಸಿಸ್ಟಮ್ಮಿನ ಜರ್ನಲಿಂಗ್, ಅಂದರೆ ಬದಲಾವಣೆಯನ್ನು ಮೊದಲು ಒಂದು ದಾಖಲೆಯಲ್ಲಿ ಬರೆದಿಡುವ ಕ್ರಮ, ಆಸರೆ. ಫೋಲ್ಡರುಗಳ ರಚನೆ ಕೆಡುವುದಿಲ್ಲ, ಮತ್ತೆ ಹಚ್ಚಿದಾಗ ಉದ್ದನೆಯ ಡಿಸ್ಕ್ ತಪಾಸಣೆಗೆ ಕಾಯಬೇಕಿಲ್ಲ. ಆದರೆ ಆ ಕ್ಷಣ ಬರೆಯುತ್ತಿದ್ದ ಫೈಲಿನ ಒಳಗಿನದಕ್ಕೆ ಖಾತ್ರಿಯಿಲ್ಲ. ಸ್ಲೀಪ್ ಸೌಲಭ್ಯ ಇಲ್ಲ. ಮುಚ್ಚಳ ಮುಚ್ಚಿ ಎದ್ದುಹೋದರೆ ಬ್ಯಾಟರಿ ಖಾಲಿ. ಅಪ್‌ಡೇಟ್ ಕೈಕೊಟ್ಟರೆ ಬೂಟ್ ಮೆನುವಿನಲ್ಲಿ ಹಿಂದಿನ ಸ್ಥಿತಿ ಆರಿಸಿ ಹಳೆಯದಕ್ಕೇ ಮರಳಬಹುದು. ಇದು ಬಹಳ ಚೆನ್ನಾಗಿದೆ.

ಕನ್ನಡದ ವಿಷಯಕ್ಕೆ ಬಂದರೆ ಬೇಸರ. ಅಕ್ಷರಗಳಿವೆ, ಜೋಡಣೆ ಇಲ್ಲ. ಫೈಲಿನ ಹೆಸರಿಗೆ ‘ತಟ್ಟಿಬೆಟ್ಟೆ’ ಎಂದು ಕೊಟ್ಟರೆ ಒತ್ತು ಕೆಳಗಿಳಿಯದೆ ಬಿಡಿಬಿಡಿಯಾಗಿ ಸಾಲಲ್ಲಿ ನಿಲ್ಲುತ್ತದೆ, ಗುಣಿತವೂ ಕೂಡುವುದಿಲ್ಲ. ಫಾಂಟ್ ಬದಲಿಸಿ ಪ್ರಯೋಜನವಿಲ್ಲ, ದೋಷ ಇರುವುದು ಪರದೆಗೆ ಬರೆಯುವ ಭಾಗದಲ್ಲಿ. ಜೋಡಣೆಯ ವ್ಯವಸ್ಥೆಯನ್ನು ತಾನೇ ಹೊತ್ತು ತರುವ ಲಿಬ್ರೆಆಫೀಸಿನಂಥ ತಂತ್ರಾಂಶದಲ್ಲಿ ಓದಬಹುದು, 2 ಜಿಬಿ ಯಂತ್ರಕ್ಕೆ ಅದು ಭಾರ. ಸದ್ಯಕ್ಕೆ ಚೀಟಿಗಳ ಮೇಲೆ ಇಂಗ್ಲಿಷ್ ಅಕ್ಷರದಲ್ಲೇ ಚಾಲಿ, ರಾಶಿ ಎಂದು ಬರೆದುಕೊಳ್ಳಬೇಕು. ‘ನುಡಿ’ ತಂತ್ರಾಂಶದಲ್ಲಿ ಪತ್ರ ಟೈಪು ಮಾಡುವವರು ವಿಂಡೋಸ್ ಪಾರ್ಟಿಶನ್ ಅಳಿಸಬೇಡಿ.

ಲಾಗಿನ್ ಪಾಸ್‌ವರ್ಡ್ ಇಲ್ಲ, ಎಲ್ಲ ಪ್ರೋಗ್ರಾಮುಗಳೂ ಪೂರ್ತಿ ಅಧಿಕಾರದಲ್ಲೇ ಓಡುತ್ತವೆ. ಬ್ಯಾಂಕಿನ ವ್ಯವಹಾರ ಇದರಲ್ಲಿ ಬೇಡ. ವಿಡಿಯೋಗೆ ಗ್ರಾಫಿಕ್ಸ್ ಚಿಪ್ಪಿನ ನೆರವು ಸಿಗದೆ ಫ್ಯಾನು ಕೂಗುತ್ತದೆ. ಐದರಲ್ಲಿ ಮೂರು ಅಂಕ. ಒತ್ತಕ್ಷರ ಕೂಡಿದ ದಿನ ನಾಲ್ಕು.